ವಿವಾಹ ವಿಚ್ಛೇದನವೂ ಗೃಹಿಣಿಯ ಸೊತ್ತೂ

ಸುರತ್ಕಲ್ಲಿನ ಸಮೀಪದ ಕಾಟಿಪಳ್ಳವು, ಪಣಂಬೂರಿನ ಬಂದರಿಗಾಗಿ ಮನೆಮಾರು ಬಿಟ್ಟುಕೊಟ್ಟವರ ಪುನರ್ವಸತಿಯಿಂದ ಬೆಳೆದ ಊರು. 1975ರಲ್ಲಿ ಆ ಬಂದರು ಉದ್ಘಾಟನೆಗೊಂಡಿತು; ಸುತ್ತಲೂ ಕಾರ್ಖಾನೆಗಳೆದ್ದುವು. ಇಂತಹ ಊರಿನ ದುಡಿಯುವ ಸಂಸಾರಕ್ಕೆ ಸೊತ್ತೆಂದರೆ ಸಾಮಾನ್ಯವಾಗಿ ಎರಡೇ: ನಿವೇಶನದಲ್ಲಿ ಕಟ್ಟಿದ ಮನೆ, ಸಂಬಳದಿಂದ ತಿಂಗಳು ತಿಂಗಳೂ ಹಿಡಿದಿಟ್ಟ ಪ್ರಾವಿಡೆಂಟ್ ಫಂಡು. ಎರಡೂ ಗಂಡನ ಹೆಸರಿನಲ್ಲಿರುವುದೇ ಹೆಚ್ಚು. ದಾಂಪತ್ಯವು ಮುರಿದರೆ ಹೆಂಡತಿಗೆ ದೊರೆಯುವುದೇನು?

ಅರ್ಧ ಪಾಲು ಬರುವುದೆಂದು ನಂಬಿರುವ ಸೋದರಿಯರುಂಟು. ಆ ನಂಬಿಕೆ ಸರಿಯಲ್ಲ. ನೆರೆಯ ಗೋವೆಯಲ್ಲಿ, 1867ರ ಪೋರ್ಚುಗೀಸ್ ಸಂಹಿತೆಯಂತೆ, ಮದುವೆಗೆ ಮುನ್ನ ಬೇರೆ ಕರಾರಾಗದಿದ್ದರೆ ದಂಪತಿಗಳ ಸೊತ್ತು ಇಬ್ಬರಿಗೂ ಸಮವಾಗಿ ಸೇರುತ್ತದೆ. ನಮ್ಮಲ್ಲಿ ಆ ಕ್ರಮವಿಲ್ಲ. ಸೊತ್ತು ಯಾರ ಹೆಸರಿನಲ್ಲಿದೆಯೋ ಸಾಮಾನ್ಯವಾಗಿ ಅವರದೇ.

ಅಳಿಯಸಂತಾನದ ಕಟ್ಟಿಗೊಳಪಟ್ಟ ತುಳುನಾಡಿನ ಮನೆತನಗಳಲ್ಲಿ ಹಿಂದೆ ಈ ಚಿಂತೆ ಇಷ್ಟಿರಲಿಲ್ಲ. ಹೆಣ್ಣಿನ ಹಕ್ಕು ತಾಯಿಯ ಕುಟುಂಬದಲ್ಲಿಯೇ ಉಳಿಯುತ್ತಿದ್ದುದರಿಂದ, ಗಂಡನನ್ನು ಬಿಟ್ಟು ಬಂದವಳಿಗೆ ಆಸರೆಯಿರುತ್ತಿತ್ತು. 1949ರ ಮದ್ರಾಸು ಅಳಿಯಸಂತಾನ ಶಾಸನವೂ 1956ರ ಹಿಂದೂ ಉತ್ತರಾಧಿಕಾರ ಶಾಸನವೂ ಬಂದ ಮೇಲೆ ಆ ಕಟ್ಟು ಸಡಿಲಿತು. ತಾಯಿಮನೆಯ ಆಸರೆ ಕುಗ್ಗಿತು. ಗಂಡನ ಸೊತ್ತಿನಲ್ಲಂತೂ ಪಾಲು ಬರಲಿಲ್ಲ!

ಹಾಗೆಂದು ನಿರಾಶರಾಗಬೇಕಾದುದಿಲ್ಲ. ತವರಿನವರು ಕೊಟ್ಟ ಒಡವೆ, ಪಾತ್ರೆ, ಹಣ ಸ್ತ್ರೀಧನವೆನಿಸಿ ಪೂರ್ಣವಾಗಿ ಆಕೆಯವೇ. ಗಂಡನ ವಶದಲ್ಲಿದ್ದರೂ ಅವನು ಹಿಂದಿರುಗಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 1985ರಲ್ಲಿಯೇ ಹೇಳಿದೆ. 1955ರ ಹಿಂದೂ ವಿವಾಹ ಶಾಸನದಂತೆ ಒಂದೇ ಗಂಟಾಗಿಯೋ ತಿಂಗಳು ತಿಂಗಳೋ ಜೀವನಾಂಶವನ್ನು ಕೇಳಬಹುದು. ವಿಚ್ಛೇದಿತ ಮುಸ್ಲಿಂ ಸ್ತ್ರೀಗೆ ಇದ್ದತ್ತಿನ ಅವಧಿಯೊಳಗೆ ಮುಂದಿನ ಬಾಳಿಗೂ ಸಾಲುವ ನ್ಯಾಯವಾದ ಏರ್ಪಾಡನ್ನು ಗಂಡನು ಮಾಡತಕ್ಕದ್ದೆಂದು 2001ರ ತೀರ್ಪು ತಿಳಿಸುತ್ತದೆ. ಜೀವನಾಂಶದ ವ್ಯಾಜ್ಯಗಳಲ್ಲಿ ಉಭಯರೂ ಆಸ್ತಿ, ಆದಾಯ, ಸಾಲಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕೆಂದು 2020ರಲ್ಲಿ ಅದೇ ನ್ಯಾಯಾಲಯವು ವಿಧಿಸಿತು. ಗಂಡನ ಫಂಡು ಆಕೆಗೆ ನೇರವಾಗಿ ಹಂಚಿಕೆಯಾಗದಿದ್ದರೂ, ಅವನ ಸ್ಥಿತಿಗತಿಯನ್ನು ಅಳೆಯುವಾಗ ಲೆಕ್ಕಕ್ಕೆ ಬರಬಲ್ಲುದು.

ನಮ್ಮನ್ನು ಹೆಚ್ಚು ನೋಯಿಸುವುದು ಬೇರೊಂದು ಸಂಗತಿ. ನಮ್ಮ ಕರಾವಳಿಯಲ್ಲಿ ಬೀಡಿ ಕಟ್ಟಿ ದುಡಿದ ಸ್ತ್ರೀಯರೆಷ್ಟೋ ಮಂದಿ. ಅವರ ಪ್ರಾವಿಡೆಂಟ್ ಫಂಡು ಅವರದೇ. ಆದರೆ ಆ ದುಡಿಮೆಯ ಹಣವು ಗಂಡನ ಹೆಸರಿನ ಮನೆಯ ಗೋಡೆಗೋ ಮಾಡಿಗೋ ಸೇರಿಹೋದರೆ, ಅದನ್ನು ತೋರಿಸುವ ಚೀಟಿಯೊಂದೂ ಅವರಲ್ಲಿರುವುದಿಲ್ಲ. ಒಡವೆಯ ಬಿಲ್ಲು, ಬ್ಯಾಂಕಿನ ಪುಸ್ತಕ, ಸಾಲ ತೀರಿಸಿದ ರಸೀದಿ ಇವುಗಳನ್ನು ಸೋದರಿಯರು ತಮ್ಮ ಬಳಿಯಲ್ಲಿಯೇ ಇಟ್ಟುಕೊಳ್ಳುವುದು ಒಳಿತು. ಪರಸ್ಪರ ಸಮ್ಮತಿಯಿಂದ ಬೇರೆಯಾಗುವುದಾದರೆ, ಮನೆಯ ವಿಷಯವನ್ನೂ ಫಂಡಿನ ವಿಷಯವನ್ನೂ ವಕೀಲರ ಮೂಲಕ ಕರಾರಿನಲ್ಲಿಯೇ ಬರೆಯಿಸತಕ್ಕದ್ದು. ಫಂಡಿಗೆ ತನ್ನನ್ನು ನಾಮನಿರ್ದೇಶನ ಮಾಡಿದ್ದಾರೆಂಬ ಧೈರ್ಯದಿಂದ ಸುಮ್ಮನಿರಬಾರದು. ಆ ಬರಹವು ಗಂಡನ ಮರಣಾನಂತರದ ಮಾತು.