ಹೊಗೆಗೆ ಗೆರೆಯಿಲ್ಲ, ನಿಯಮಕ್ಕುಂಟು

ಬಸ್ರೂರಿನ ಹಳೆಯ ಮನೆಯೊಂದರ ಚಾವಡಿಯಲ್ಲಿ ಯಾರಾದರೂ ಬೀಡಿ ಹೊತ್ತಿಸಿದರೆ, ಅದರ ವಾಸನೆ ಅಡುಗೆಮನೆಯಲ್ಲಿರುವವರಿಗೂ ತಿಳಿಯುತ್ತದೆ. ಈ ಸಾಮಾನ್ಯ ಅನುಭವದಲ್ಲಿಯೇ ಪರದೇಶಗಳ ಧೂಮಪಾನ ನಿಯಮಗಳ ಮರ್ಮವಡಗಿದೆ.

ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆದ ಬಸ್ರೂರು ಒಂದು ಕಾಲದ ಹೆಸರಾಂತ ಬಂದರು. ಭಾರತಕ್ಕೆ ಹೊಗೆಸೊಪ್ಪನ್ನು ತಂದವರೂ ಪೋರ್ಚುಗೀಸರೇ. ಇಂದು ಇಲ್ಲಿಯ ತರುಣರು ಓದಲಿಕ್ಕೂ ದುಡಿಯಲಿಕ್ಕೂ ವಿಮಾನವೇರಿ ಹೊರನಾಡುಗಳಿಗೆ ಹೋಗುತ್ತಾರೆ. ಅವರು ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಪರಿಶೀಲಿಸೋಣ.

ಹೊಗೆಯ ಕಣಗಳು ಬಹುತೇಕ ಒಂದು ಮೈಕ್ರಾನಿಗಿಂತ, ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ, ಚಿಕ್ಕವು. ಅರ್ಧ ಮೈಕ್ರಾನಿನ ಕಣವು ನಿಶ್ಚಲವಾದ ಗಾಳಿಯಲ್ಲಿ ಗಂಟೆಗೆ ಕೆಲವೇ ಸೆಂಟಿಮೀಟರುಗಳಷ್ಟು ಕೆಳಗಿಳಿಯುತ್ತದೆ. ಆದುದರಿಂದ ಅದು ಗಾಳಿ ಒಯ್ದಲ್ಲಿಗೆ ಹೋಗುತ್ತದೆ. ಹಿಂದೆ ವಿಮಾನಗಳಲ್ಲಿ ಧೂಮಪಾನಿಗಳಿಗೆ ಬೇರೆ ಸಾಲುಗಳನ್ನು ಮೀಸಲಿಡುತ್ತಿದ್ದರು. ಹೊಗೆ ಆ ಗೆರೆಯನ್ನು ಮನ್ನಿಸಲಿಲ್ಲ. ಸೂಕ್ಷ್ಮ ಸೋಸುಕಗಳು ಕಣಗಳನ್ನು ತಡೆದರೂ ಕಾರ್ಬನ್ ಮಾನಾಕ್ಸೈಡನ್ನು ತಡೆಯಲಾರವು.

ಇದಕ್ಕಿಂತ ಘೋರವಾದುದು ಬೆಂಕಿಯ ಭಯ. 1973ರ ಜುಲೈ 11ರಂದು ರಿಯೋ ಡಿ ಜನೈರೋದಿಂದ ಪ್ಯಾರಿಸಿಗೆ ಬರುತ್ತಿದ್ದ ವಾರಿಗ್ ಸಂಸ್ಥೆಯ ವಿಮಾನದ ಹಿಂಭಾಗದ ಶೌಚಗೃಹದಲ್ಲಿ ಬೆಂಕಿ ಹುಟ್ಟಿತು. ಅದರಲ್ಲಿದ್ದ 134 ಮಂದಿಯಲ್ಲಿ 123 ಮಂದಿ ಮಡಿದರು. ಹೆಚ್ಚಿನವರನ್ನು ಕೊಂದುದು ಜ್ವಾಲೆಯಲ್ಲ, ಹೊಗೆ. ಕಸದ ತೊಟ್ಟಿಗೆ ಬಿದ್ದ ಸಿಗರೇಟು ಇದರ ಸಂಭವನೀಯ ಕಾರಣಗಳಲ್ಲೊಂದೆಂದು ಎಣಿಸಲಾಯಿತು. ಇಂದಿಗೂ ವಿಮಾನದ ಶೌಚಗೃಹದ ಬಾಗಿಲಲ್ಲಿ ಬೂದಿಬಟ್ಟಲು ಇರುವುದೇಕೆಂದು ಅಚ್ಚರಿಪಡುವವರುಂಟು. ಅದು ಅನುಮತಿಯಲ್ಲ. ಯಾವನಾದರೂ ನಿಯಮ ಮುರಿದರೆ, ಅವನ ಕೈಯ ಕಿಡಿ ಕಾಗದದ ರಾಶಿಗೆ ಬೀಳದಿರಲೆಂಬ ಮುನ್ನೆಚ್ಚರಿಕೆ. 1992ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು, 1996ರ ಜುಲೈ 1ರೊಳಗೆ ಅಂತರರಾಷ್ಟ್ರೀಯ ವಿಮಾನಗಳಲ್ಲಿ ಧೂಮಪಾನವನ್ನು ನಿಲ್ಲಿಸಬೇಕೆಂದು ಸದಸ್ಯ ರಾಷ್ಟ್ರಗಳನ್ನು ಕೋರಿತು.

ವಿದ್ಯುತ್ ಸಿಗರೇಟು ಸುಡುವುದಿಲ್ಲವಾದುದರಿಂದ ಅಡ್ಡಿಯಿಲ್ಲವೆಂದು ಕೆಲವರು ವಾದಿಸುವರು. ಅದರ ಆವಿಯೂ ಸೂಕ್ಷ್ಮ ಹನಿಗಳ ಮೋಡವೇ. ಹೊಗೆಯಂತೆಯೇ ಬೆಳಕನ್ನು ಚದುರಿಸಿ ಎಚ್ಚರಿಕೆಯ ಗಂಟೆಯನ್ನು ಬಾರಿಸಬಲ್ಲುದು. ಭಾರತವು ಇದರ ತಯಾರಿಕೆ, ಆಮದು, ಮಾರಾಟಗಳನ್ನು 2019ರಲ್ಲಿ ನಿಷೇಧಿಸಿತು. ಸಿಂಗಪುರದಲ್ಲಾದರೋ 2018ರಿಂದ ಅದನ್ನು ಬಳಿಯಲ್ಲಿಟ್ಟುಕೊಳ್ಳುವುದೇ ಅಪರಾಧ. ಅಲ್ಲಿ 21 ವರ್ಷ ತುಂಬದವರಿಗೆ ಸಿಗರೇಟು ಮಾರುವಂತಿಲ್ಲ. ಪ್ರಯಾಣಿಕರು ತರುವ ಸಿಗರೇಟಿಗೆ ಸುಂಕದ ರಿಯಾಯಿತಿಯೂ ಇಲ್ಲ. ಊರಿನವರು "ನಮ್ಮ ಮಾವನಿಗೆ ಇದೊಂದು ಪೊಟ್ಟಣ ಕೊಟ್ಟುಬಿಡು ಮಾರಾಯ" ಎಂದರೆ, ದಾಕ್ಷಿಣ್ಯಕ್ಕೆ ಒಪ್ಪಿಕೊಂಡ ವಿದ್ಯಾರ್ಥಿಯೇ ಸುಂಕದ ಅಧಿಕಾರಿಗೆ ಉತ್ತರ ಹೇಳಬೇಕಾದೀತು.

ಜಪಾನಿನಲ್ಲಿ ಬೇರೊಂದು ರೀತಿ. ಬಯಲಿನಲ್ಲಿ ತೊಂದರೆಯಿಲ್ಲವೆಂದು ನಾವು ಭಾವಿಸುತ್ತೇವೆ. ಟೋಕಿಯೋದ ಚಿಯೋಡಾ ವಿಭಾಗವಾದರೋ 2002ರಲ್ಲಿ ಗೊತ್ತುಪಡಿಸಿದ ಬೀದಿಗಳಲ್ಲಿ ಸೇದುವವರಿಗೆ ದಂಡ ವಿಧಿಸಿತು. ಸೇದುವಾಗ ಸಿಗರೇಟಿನ ತುದಿಯ ಉಷ್ಣತೆ ಸುಮಾರು 900 ಡಿಗ್ರಿ ಸೆಲ್ಸಿಯಸ್; ನಡೆಯುವವನ ಇಳಿಬಿಟ್ಟ ಕೈ ಮಗುವಿನ ಮುಖದ ಎತ್ತರದಲ್ಲಿರುತ್ತದೆ! ಅಂತೆಯೇ, ಕೊಲ್ಲಿ ನಾಡುಗಳಲ್ಲಿ ರಂಜಾನಿನ ಹಗಲು ಉಪವಾಸಿಗಳೆದುರು ಸೇದುವುದು ಶೋಭಿಸದು.

ನಿಯಮಗಳು ನಾಡಿನಿಂದ ನಾಡಿಗೆ ಬದಲಾಗುತ್ತವೆ. ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಲೇಸು. ಹೊಗೆಯ ಗುಣ ಮಾತ್ರ ಎಲ್ಲೆಡೆಯೂ ಒಂದೇ. ಸೇದುವ ಅಭ್ಯಾಸವನ್ನೇ ಹಚ್ಚಿಕೊಳ್ಳದ ಪ್ರಯಾಣಿಕನ ಗಂಟು ಎಲ್ಲರಿಗಿಂತ ಹಗುರ.