ಹದಿಹರೆಯದ ಮಕ್ಕಳೂ ಮನೆಯ ಮಾತೂ

ಸಾಯಂಕಾಲ ನಮ್ಮ ವಾಚನಾಲಯಕ್ಕೆ ಬರುವ ಸದಸ್ಯರಲ್ಲಿ ಹಲವರದು ಒಂದೇ ದೂರು: "ಹುಡುಗ ಬೀದಿಯಲ್ಲಿ ಅರಳು ಹುರಿದಂತೆ ತೆಲುಗು ಆಡುತ್ತಾನೆ, ದೊಡ್ಡವರ ಮುಂದೆ ನಿಲ್ಲಿಸಿದರೆ ಬಾಯಿ ಬಿಡುವುದಿಲ್ಲ." ದೂರು ನಿಜ. ಆದರೆ ಕಾರಣವನ್ನು ನಾವು ಶಾಲೆಯಲ್ಲಿ ಹುಡುಕುತ್ತೇವೆ.

ವಿಶಾಖಪಟ್ಟಣದಲ್ಲಾಗಲಿ ವಿಜಯವಾಡದಲ್ಲಾಗಲಿ ನಮ್ಮ ಮಕ್ಕಳು ತೆಲುಗನ್ನು ಕಲಿಯುವುದು ಗೆಳೆಯರಿಂದ. ಅಲ್ಲಿ 'ನುವ್ವು' ಸಾಕು, ಮಾತಿನ ಕೊನೆಗೊಂದು 'ರಾ' ಸಾಕು. ಮೇಷ್ಟರಿಗಾದರೆ 'ಮೀರು' ಎನ್ನಬೇಕು, 'ಅಂಡಿ' ಸೇರಿಸಬೇಕು. ನಮ್ಮ 'ನೀನು', 'ನೀವು' ಇದ್ದಂತೆಯೇ. ಯಾರೊಡನೆ ಯಾವುದು ಎಂಬ ತೂಕವನ್ನು ಮಕ್ಕಳು ಊರಿನಲ್ಲಾದರೆ ಜಗಲಿಯ ಮೇಲೆ ಹಿರಿಯರು ಆಡುವುದನ್ನು ಕೇಳಿಯೇ ತಿಳಿಯುತ್ತಾರೆ. ಇಲ್ಲಿ ಎರಡು ಕೋಣೆಯ ಮನೆ, ಬಂದುಹೋಗುವವರು ಕಡಿಮೆ, ತಂದೆಗೆ ಪಾಳಿ. ಮಕ್ಕಳು ಕೇಳುವುದು "ಉಣ್ಣು, ಓದು, ಮಲಗು" ಎಂಬ ಮೂರು ಆಜ್ಞೆ. (ನಮ್ಮ ಮನೆಯಲ್ಲಿ ನಾಲ್ಕನೆಯದೂ ಇತ್ತು: "ಸುಮ್ಮನಿರು.")

ಅಮೆರಿಕೆಯ ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್‌ರಿಂಡ್ 1960ರ ದಶಕದಲ್ಲಿ ತಂದೆತಾಯಿಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ಬರಿಯ ಆಜ್ಞೆ ಮಾಡುವವರು, ಎಲ್ಲವನ್ನೂ ಸಡಿಲ ಬಿಡುವವರು, ಕಟ್ಟಳೆಯಿಟ್ಟು ಅದಕ್ಕೆ ಕಾರಣ ಹೇಳಿ ಮಕ್ಕಳ ಮಾತನ್ನೂ ಕೇಳುವವರು. ಮೂರನೆಯ ಬಗೆಯ ಮನೆಗಳ ಮಕ್ಕಳು ಸ್ವಾವಲಂಬಿಗಳಾಗಿಯೂ ಇತರರೊಡನೆ ಹೊಂದಿಕೊಳ್ಳುವವರಾಗಿಯೂ ಕಂಡರು. ಆಕೆ ಮೊದಲು ನೋಡಿದ್ದು ಬರ್ಕ್ಲಿಯ ಶಿಶುವಿಹಾರದ ಮಕ್ಕಳನ್ನು. ನಮ್ಮ ಮನೆಗಳಿಗೆ ಅದನ್ನೇ ಅಳತೆಗೋಲು ಮಾಡಬೇಕಿಲ್ಲ. ಆದರೂ ಮಾತು ಕೇಳುವುದಕ್ಕೆ ಖರ್ಚೇನೂ ಇಲ್ಲವಲ್ಲ!

ವಲಸೆ ಬಂದ ಮನೆಗಳಿಗೆ ಇನ್ನೊಂದು ವಿಶೇಷವಿದೆ. 1966ರಿಂದ 2003ರವರೆಗೆ ಹುಬ್ಬಳ್ಳಿ, ವಿಜಯವಾಡ ವಿಭಾಗಗಳೆರಡೂ ದಕ್ಷಿಣ ಮಧ್ಯ ರೈಲ್ವೆಗೇ ಸೇರಿದ್ದವು. ಅತ್ತಣಿಂದ ಇತ್ತ ವರ್ಗವಾಗಿ ಬಂದ ಗುಮಾಸ್ತರ ಮನೆಯಲ್ಲಾಗಲಿ, ಇಂದು ಕೂಲಿಗೆ ಬಂದವರ ಮನೆಯಲ್ಲಾಗಲಿ, ತಾಯಿಗೆ ತೆಲುಗು ಬಾರದಿದ್ದರೆ ಮಕ್ಕಳೇ ದುಭಾಷಿಗಳು. ಪಡಿತರದ ಅಂಗಡಿ, ಬಾಡಿಗೆಯ ಮಾತು, ಎಲ್ಲಕ್ಕೂ ಅವರೇ. ಇದರಿಂದ ಧೈರ್ಯ ಬರುತ್ತದೆ, ಹಿರಿಯರೊಡನೆ ವ್ಯವಹರಿಸುವ ರೀತಿ ತಿಳಿಯುತ್ತದೆ. ಆದರೆ ಹೊರಲಾರದ ಮಾತೂ ಕೆಲವೊಮ್ಮೆ ಆ ಹೆಗಲಿಗೇ ಬೀಳುತ್ತದೆ.

ನಮ್ಮ ಹದಿಮೂರರ ಮಗಳು ತಾಯಿಯೊಡನೆ ವೈದ್ಯರಲ್ಲಿಗೆ ಹೋಗಿದ್ದಳು. ಕುತ್ತಿಗೆಯ ಗಂಟನ್ನು ಪರೀಕ್ಷೆ ಮಾಡಿಸಬೇಕೆಂದು ಅವರು ತೆಲುಗಿನಲ್ಲಿ ಹೇಳಿದರು. ಮಗಳು ಹೆದರಿ, ತಾಯಿಗೆ "ಏನೂ ಇಲ್ಲವಂತೆ" ಎಂದಳು. ಹನ್ನೊಂದು ದಿನ ಅದನ್ನು ಒಬ್ಬಳೇ ಹೊತ್ತಳು. ಚೀಟಿ ಕಣ್ಣಿಗೆ ಬಿದ್ದು ನಾವು ಕೇಳಿದಾಗ, "ಪಾಳಿ ಮುಗಿಸಿ ಬಂದ ಅಪ್ಪನನ್ನು ಮಾತಾಡಿಸಬಾರದಲ್ಲವೇ?" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ.

ಪರೀಕ್ಷೆಯಾಯಿತು; ಗಂಟಿನಿಂದ ಅಪಾಯವಿಲ್ಲವೆಂದು ತಿಳಿಯಿತು. ಈಗ ವೈದ್ಯರಲ್ಲಿಗೆ ನಾವೇ ರಜೆ ಹಾಕಿ ಹೋಗುತ್ತೇವೆ. ಅಂಗಡಿಯ ವ್ಯವಹಾರ ಮಗಳದೇ. ಅದು ಅವಳಿಗೆ ಒಳ್ಳೆಯದೆಂದೇ ನಮ್ಮ ಎಣಿಕೆ. ರಾತ್ರಿ ಊಟಕ್ಕೆ ಕುಳಿತಾಗ ಮೊದಲು ಮಕ್ಕಳು ಮಾತಾಡತಕ್ಕದ್ದೆಂದು ಗೊತ್ತು ಮಾಡಿಕೊಂಡಿದ್ದೇವೆ. ಮೊದಲ ವಾರ ಯಾರೂ ತುಟಿ ಬಿಚ್ಚಲಿಲ್ಲ. ಎರಡನೆಯ ವಾರ ಮಗ, ಮೇಷ್ಟರಿಗೆ 'ನುವ್ವು' ಎಂದು ಬೈಸಿಕೊಂಡ ಕಥೆಯನ್ನು ತಾನಾಗಿ ಹೇಳಿದ.