ಹಳೆಯ ಕಾರಿನ ಮುಂಚಕ್ರದ ಬೇರಿಂಗ್ ಮತ್ತು ಡ್ರೈವ್ ಶಾಫ್ಟ್: ಬಿಡಿ ದುರಸ್ತಿಯ ನಿಜವಾದ ವೆಚ್ಚ

ನಮ್ಮ ಸದಸ್ಯರಲ್ಲಿ ಅನೇಕರ ಅಂಗಡಿ, ಕಾರ್ಖಾನೆಗಳಲ್ಲಿ ಹತ್ತು ಹದಿನೈದು ವರ್ಷ ಹಳೆಯದಾದ ಕಾರೊಂದು ಇಂದಿಗೂ ದುಡಿಯುತ್ತಿದೆ. ಬ್ಯಾಂಕಿನ ಕೆಲಸಕ್ಕೆ, ವಸೂಲಿಗೆ, ಸ್ಯಾಂಪಲ್ ತಲುಪಿಸುವುದಕ್ಕೆ ಅದೇ ವಾಹನ. ಅದರ ಸಾಲ ತೀರಿರುತ್ತದೆ, ಸವಕಳಿಯೂ ಬಹುಪಾಲು ಮುಗಿದಿರುತ್ತದೆ. ಆದ್ದರಿಂದಲೇ ಅದರ ದುರಸ್ತಿಯ ಬಿಲ್ಲುಗಳನ್ನು ಯಾರೂ ಗಮನವಿಟ್ಟು ನೋಡುವುದಿಲ್ಲ. ಸಾವಿರ, ಎರಡು ಸಾವಿರದ ಬಿಲ್ಲುಗಳು ಸಣ್ಣ ಖರ್ಚಿನ ಪುಸ್ತಕದಲ್ಲಿ ಮರೆಯಾಗುತ್ತವೆ.

ಕೆಲವು ವರ್ಷಗಳ ಹಿಂದೆ ಒಂದು ಸಣ್ಣ ಉತ್ಪಾದನಾ ಘಟಕದ ವೋಚರುಗಳನ್ನು ಪರಿಶೀಲಿಸುತ್ತಿದ್ದಾಗ, ಒಂದೇ ಕಾರಿನ ಎಡ ಮುಂಚಕ್ರಕ್ಕೆ ಒಂದೇ ವರ್ಷದಲ್ಲಿ ಮೂರು ಬಾರಿ ಬೇರಿಂಗ್ ಹಾಕಿಸಿದ ಬಿಲ್ಲುಗಳು ಕಂಡುಬಂದವು. ನಾಲ್ಕನೆಯ ಬಿಲ್ಲು ಡ್ರೈವ್ ಶಾಫ್ಟಿನದು. ಅದರ ನಂತರ ಬೇರಿಂಗಿನ ಬಿಲ್ಲು ಬರಲಿಲ್ಲ. ಮಾಲೀಕರು ಪ್ರತಿ ಬಾರಿಯೂ ಕಡಿಮೆ ಬೆಲೆಯ ಮಾರ್ಗವನ್ನೇ ಆರಿಸಿದ್ದರು. ಒಟ್ಟಿನಲ್ಲಿ ಹೆಚ್ಚು ಹಣ ತೆತ್ತಿದ್ದರು. ಇದರ ಕಾರಣವನ್ನು ತಿಳಿಯಲು ಯಂತ್ರದ ರಚನೆಯನ್ನು ಸ್ವಲ್ಪ ಅರಿಯಬೇಕಾಗುತ್ತದೆ.

ಒಂದೇ ನಟ್ಟಿನ ಹಿಡಿತ

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳಲ್ಲಿ ಎಂಜಿನ್ನಿನ ಶಕ್ತಿ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿಯವರೆಗೆ ತಯಾರಾದ ಮಾರುತಿ 800 ಮುಂಚಕ್ರ ಚಾಲಿತ ಕಾರನ್ನು ನಮ್ಮ ಮನೆಮನೆಗೆ ತಂದಿತು. ಇಂತಹ ಕಾರಿನಲ್ಲಿ ಮುಂಚಕ್ರವು ಭಾರ ಹೊರುತ್ತದೆ, ತಿರುಗುತ್ತದೆ, ಕಾರನ್ನು ಎಳೆಯುತ್ತದೆ. ಮೂರೂ ಕೆಲಸ ಒಂದೆಡೆ ಸೇರುವುದರಿಂದ ಸವೆತವೂ ಅಲ್ಲಿಯೇ ಹೆಚ್ಚು.

ಬೇರಿಂಗಿನ ಹೊರ ರೇಸ್ ಸ್ಟೀರಿಂಗ್ ನಕಲ್ ಎಂಬ ಎರಕದ ಭಾಗದಲ್ಲಿ ಬಿಗಿಯಾಗಿ ಕುಳಿತಿರುತ್ತದೆ. ಚಕ್ರವನ್ನು ಹೊರುವ ಹಬ್ ಒಳ ರೇಸಿನೊಳಗೆ ಸೇರಿರುತ್ತದೆ. ಗೇರ್‌ಬಾಕ್ಸಿನಿಂದ ಬರುವ ಡ್ರೈವ್ ಶಾಫ್ಟಿನ ಹಲ್ಲುಗಳುಳ್ಳ ತುದಿ ಹಬ್ಬಿನ ಮೂಲಕ ಹಾದು ಹೊರಬರುತ್ತದೆ. ಅದರ ಮೇಲೆ ಒಂದು ದೊಡ್ಡ ನಟ್ಟು. ಈ ನಟ್ಟನ್ನು ಬಿಗಿದಾಗ ಒಂದು ಕಡೆಯಿಂದ ಹಬ್, ಇನ್ನೊಂದು ಕಡೆಯಿಂದ ಶಾಫ್ಟಿನ ಭುಜ ಒಳ ರೇಸನ್ನು ಅದುಮಿ ಹಿಡಿಯುತ್ತವೆ. ಬೇರಿಂಗಿಗೆ ಬೇಕಾದ ಬಿಗಿತ ಬರುವುದು ಈ ಹಿಡಿತದಿಂದಲೇ.

ಶಾಫ್ಟಿನ ಹಲ್ಲುಗಳು ಅಥವಾ ಮರೆ ಸವೆದಿದ್ದರೆ, ಭುಜ ಕೆತ್ತಿಹೋಗಿದ್ದರೆ, ಎಷ್ಟೇ ಉತ್ತಮ ಬೇರಿಂಗ್ ಹಾಕಿದರೂ ಹಿಡಿತ ನಿಲ್ಲುವುದಿಲ್ಲ. ಸವೆದ ಹಬ್ಬಿನ ವಿಷಯವೂ ಇದೇ. ಮೇಲೆ ಹೇಳಿದ ಮೂರು ಬಿಲ್ಲುಗಳ ರಹಸ್ಯ ಇಷ್ಟೆ. ದೋಷಯುಕ್ತ ಬೇರಿಂಗ್ ಕೊನೆಗೆ ಬಿಗಿದು ನಿಲ್ಲಬಹುದು, ಚಕ್ರ ಸಡಿಲವಾಗಬಹುದು. ಆದ್ದರಿಂದ ಇದು ಹಣದ ಪ್ರಶ್ನೆ ಮಾತ್ರವಲ್ಲ, ಕಾರಿನಲ್ಲಿ ಕುಳಿತವರ ಜೀವದ ಪ್ರಶ್ನೆಯೂ ಹೌದು.

ಸದ್ದಿನಿಂದ ದೋಷ ತಿಳಿಯುವುದು

ವೇಗದೊಡನೆ ಏರುವ, ಗೇರ್ ನ್ಯೂಟ್ರಲ್ ಮಾಡಿದರೂ ನಿಲ್ಲದ ಗುಂಯ್‌ಗುಡುವ ಸದ್ದು ಸಾಮಾನ್ಯವಾಗಿ ಬೇರಿಂಗಿನದು. ಎಡಕ್ಕೆ ತಿರುಗಿಸಿದಾಗ ಭಾರ ಬಲ ಚಕ್ರಕ್ಕೆ ಸರಿಯುವುದರಿಂದ, ಆಗ ಸದ್ದು ಹೆಚ್ಚಿದರೆ ಬಲ ಬೇರಿಂಗನ್ನು ಮೊದಲು ಶಂಕಿಸಬೇಕು. ಸವೆದ ಟೈರಿನ ಸದ್ದೂ ಹೀಗೆಯೇ ಕೇಳಿಸುತ್ತದೆ, ಆದರೆ ಅದು ರಸ್ತೆಯ ಮೇಲ್ಮೈಯೊಡನೆ ಬದಲಾಗುತ್ತದೆ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಹೊರಟಾಗ ಟಕ್ ಟಕ್ ಎಂದರೆ ಶಾಫ್ಟಿನ ಹೊರ ಜಾಯಿಂಟ್ ಸವೆದಿದೆ. ನೇರ ರಸ್ತೆಯಲ್ಲಿ ವೇಗ ಹೆಚ್ಚಿಸುವಾಗ ನಡುಕ ಬಂದರೆ ಒಳ ಜಾಯಿಂಟನ್ನು ಪರೀಕ್ಷಿಸಬೇಕು.

ಜಾಯಿಂಟಿನ ರಬ್ಬರ್ ಬೂಟ್ ಹರಿದು, ಸದ್ದು ಇನ್ನೂ ಬಾರದಿದ್ದರೆ, ಹೊಸ ಬೂಟ್ ಮತ್ತು ಗ್ರೀಸಿನಲ್ಲಿ ಕೆಲಸ ಮುಗಿಯಬಹುದು. ಅದನ್ನು ಅಲಕ್ಷಿಸಿದರೆ ಗ್ರೀಸ್ ಹೊರಹೋಗಿ ಮಣ್ಣು ಒಳಸೇರುತ್ತದೆ. ನೂರಾರು ರೂಪಾಯಿಯ ಕೆಲಸ ಸಾವಿರಾರು ರೂಪಾಯಿಗೆ ಏರುತ್ತದೆ.

ತಾಳೆಯಾಗುವ ಭಾಗವನ್ನೇ ಕೊಳ್ಳಬೇಕು

ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಯಲ್ಲಿ ಕಾರಿನ ಹೆಸರನ್ನಷ್ಟೇ ಹೇಳಿ ಶಾಫ್ಟ್ ಕೊಳ್ಳುವುದು ಅಪಾಯಕರ. ಗೇರ್‌ಬಾಕ್ಸ್ ಒಂದು ಪಕ್ಕಕ್ಕೆ ಸರಿದಿರುವ ಕಾರುಗಳಲ್ಲಿ ಎಡ, ಬಲ ಶಾಫ್ಟುಗಳ ಉದ್ದ ಬೇರೆ. ಒಂದೇ ಹೆಸರಿನ ಕಾರಿನಲ್ಲಿಯೂ ತಯಾರಿಕೆಯ ವರ್ಷ, ಎಂಜಿನ್, ಗೇರ್‌ಬಾಕ್ಸುಗಳಿಗೆ ಅನುಗುಣವಾಗಿ ಭಾಗಗಳು ಬದಲಾಗಬಹುದು. ಎರಡೂ ತುದಿಗಳ ಹಲ್ಲುಗಳ ಸಂಖ್ಯೆ, ಒಟ್ಟು ಉದ್ದ, ಆಯಿಲ್ ಸೀಲ್ ಕೂರುವ ಜಾಗದ ವ್ಯಾಸ, ನಟ್ಟಿನ ಮರೆ ಇವುಗಳನ್ನು ಹಳೆಯ ಶಾಫ್ಟಿನ ಪಕ್ಕದಲ್ಲಿಟ್ಟು ಹೋಲಿಸಬೇಕು. ಎಬಿಎಸ್ ಇರುವ ಕಾರಾದರೆ ಶಾಫ್ಟಿನ ಮೇಲಿನ ರಿಂಗಿನ ಹಲ್ಲುಗಳನ್ನೂ ಎಣಿಸಬೇಕು. ಕೆಲವು ಬೇರಿಂಗುಗಳ ಒಂದು ಪಕ್ಕದ ಸೀಲಿನಲ್ಲಿಯೇ ಅಯಸ್ಕಾಂತದ ಪಟ್ಟಿ ಇರುತ್ತದೆ. ಆ ಪಕ್ಕ ಸೆನ್ಸರಿನ ಕಡೆಗೆ ಬರುವಂತೆ ಕೂರಿಸದಿದ್ದರೆ ಎಬಿಎಸ್ ಕೆಲಸ ಮಾಡದು.

ಜೋಡಣೆಯಲ್ಲಿ ಮೂರು ನಿಯಮಗಳು ಮುಖ್ಯ. ಮೊದಲನೆಯದಾಗಿ, ಬೇರಿಂಗನ್ನು ಎರಕದ ಭಾಗಕ್ಕೆ ಕೂರಿಸುವಾಗ ಒತ್ತಡ ಹೊರ ರೇಸಿನ ಮೇಲೆ ಮಾತ್ರ ಬೀಳಬೇಕು. ಹಬ್ ಸೇರಿಸುವಾಗ ಒಳ ರೇಸಿಗೆ ಆಧಾರ ಕೊಡಬೇಕು. ಸುತ್ತಿಗೆಯ ಪೆಟ್ಟು ಗುಂಡುಗಳ ಮೂಲಕ ಹಾದುಹೋದರೆ ಹೊಸ ಬೇರಿಂಗ್ ಮೊದಲ ದಿನವೇ ಹಾಳಾದಂತೆ. ಆದ್ದರಿಂದ ಪ್ರೆಸ್ ಇರುವ ಗ್ಯಾರೇಜನ್ನೇ ಆರಿಸಬೇಕು. ಎರಡನೆಯದಾಗಿ, ಹೊಸ ನಟ್ಟನ್ನು ಬಳಸಿ, ತಯಾರಕರು ಸೂಚಿಸಿದ ಪ್ರಮಾಣಕ್ಕೆ ಟಾರ್ಕ್ ವ್ರೆಂಚಿನಿಂದ ಬಿಗಿಯಬೇಕು. ಮೂರನೆಯದಾಗಿ, ಶಾಫ್ಟ್ ಹೊರತೆಗೆದಿರುವಾಗ ಕಾರನ್ನು ಆ ಚಕ್ರದ ಮೇಲೆ ತಳ್ಳಬಾರದು. ಹಿಡಿತವಿಲ್ಲದ ಬೇರಿಂಗ್ ಬಿಚ್ಚಿಕೊಳ್ಳಬಹುದು. ಶಾಫ್ಟ್ ಎಳೆದಾಗ ಗೇರ್ ಆಯಿಲ್ ಹೊರಬರುವುದರಿಂದ ಆಯಿಲ್ ಸೀಲನ್ನು ಆಗಲೇ ಬದಲಿಸುವುದು ಲಾಭಕರ.

ಒಂದು ಲೆಕ್ಕ

ವಿಷಯ ಸ್ಪಷ್ಟವಾಗಲೆಂದು ಕಾಲ್ಪನಿಕ ಅಂಕಿಗಳನ್ನು ತೆಗೆದುಕೊಳ್ಳೋಣ. ಅಗ್ಗದ ಬೇರಿಂಗ್ 700 ರೂ., ಕೂಲಿ 1,200 ರೂ.; ಮೂರು ಬಾರಿಗೆ 5,700 ರೂ. ಕೊನೆಗೆ ಶಾಫ್ಟ್ 5,000 ರೂ., ಕೂಲಿ 1,200 ರೂ. ಕಾರು ನಿಂತ ನಾಲ್ಕು ದಿನಗಳ ಬಾಡಿಗೆ ಕಾರಿಗೆ ದಿನಕ್ಕೆ 1,500 ರೂ.ನಂತೆ 6,000 ರೂ. ಒಟ್ಟು 17,900 ರೂ. ಮೊದಲ ಬಾರಿಯೇ ಪರೀಕ್ಷಿಸಿ ಉತ್ತಮ ಬೇರಿಂಗ್ 1,600 ರೂ., ಶಾಫ್ಟ್ 5,000 ರೂ., ಸೀಲ್, ನಟ್ಟು, ಆಯಿಲ್ 700 ರೂ., ಕೂಲಿ 1,500 ರೂ., ಒಂದು ದಿನದ ಬಾಡಿಗೆ 1,500 ರೂ. ಎಂದರೆ 10,300 ರೂ. ಉಳಿತಾಯ 7,600 ರೂ. ಹಾಗೆಂದು ಸುಸ್ಥಿತಿಯಲ್ಲಿರುವ ಶಾಫ್ಟನ್ನೂ ಬದಲಿಸಬೇಕೆಂದಲ್ಲ; ಬಿಚ್ಚಿದಾಗ ಅದನ್ನು ಪರೀಕ್ಷಿಸದೆ ಮತ್ತೆ ಜೋಡಿಸಬಾರದು ಎಂಬುದಷ್ಟೇ ತಾತ್ಪರ್ಯ.

ಪುಸ್ತಕದಲ್ಲಿ ಎಲ್ಲಿ ಬರೆಯಬೇಕು?

ಶಾಫ್ಟಿನ ಬೆಲೆ ಹೆಚ್ಚೆಂದು ಅದನ್ನು ಆಸ್ತಿಯ ಖಾತೆಗೆ ಸೇರಿಸಬೇಕೇ ಎಂದು ಕೆಲವರು ಕೇಳುತ್ತಾರೆ. ಇರುವ ಆಸ್ತಿಯನ್ನು ಕಾಪಾಡುವ ವೆಚ್ಚ ಚಾಲ್ತಿ ದುರಸ್ತಿ. ಹೊಸ ಆಸ್ತಿಯನ್ನು ಅಥವಾ ಹೊಸ ಅನುಕೂಲವನ್ನು ತರುವ ವೆಚ್ಚ ಬಂಡವಾಳದ್ದು. 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನೂಲಿನ ಗಿರಣಿಯ ಒಂದು ಪೂರ್ಣ ಯಂತ್ರವನ್ನೇ ಬದಲಿಸುವುದು ಚಾಲ್ತಿ ದುರಸ್ತಿಯಲ್ಲವೆಂದು ತೀರ್ಮಾನಿಸಿತು. ಆದರೆ ಬೇರಿಂಗ್ ಆಗಲಿ, ಶಾಫ್ಟ್ ಆಗಲಿ ಸ್ವತಂತ್ರ ಯಂತ್ರವಲ್ಲ. ಕಾರೆಂಬ ಆಸ್ತಿಯ ಬಿಡಿಭಾಗ. ಆದ್ದರಿಂದ ಇದು ದುರಸ್ತಿ ವೆಚ್ಚವೇ. ಕಾರನ್ನು ಸ್ವಂತಕ್ಕೂ ಬಳಸುತ್ತಿದ್ದರೆ ಆ ಪಾಲನ್ನು ಕಳೆಯಬೇಕು.

ಜಿಎಸ್‌ಟಿಯಲ್ಲಿ ಇನ್ನೊಂದು ಎಚ್ಚರ ಅಗತ್ಯ. ಚಾಲಕರೂ ಸೇರಿ 13 ಜನರಿಗಿಂತ ಹೆಚ್ಚು ಆಸನವಿಲ್ಲದ ಪ್ರಯಾಣಿಕ ವಾಹನದ ದುರಸ್ತಿ ಸೇವೆಯ ಮೇಲಿನ ತೆರಿಗೆಗೆ, 17(5)ನೇ ಕಲಮಿನ ಪ್ರಕಾರ ಸಾಮಾನ್ಯ ವ್ಯಾಪಾರಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ಸರಕು ಸಾಗಣೆಯ ವಾಹನಕ್ಕೆ ಈ ನಿರ್ಬಂಧವಿಲ್ಲ. ಎರಡೂ ವಾಹನಗಳ ಬಿಲ್ಲುಗಳನ್ನು ಒಂದೇ ಖಾತೆಯಲ್ಲಿ ಬೆರೆಸಿದರೆ ಸಲ್ಲದ ಜಮೆಯನ್ನು ಪಡೆದು, ಮುಂದೆ ಬಡ್ಡಿ ಸಹಿತ ಹಿಂತಿರುಗಿಸುವ ಪ್ರಸಂಗ ಬರಬಹುದು. ಬಿಡಿಭಾಗಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಏಕರೂಪವಾಗಿ ಶೇಕಡ 18 ಆಗಿದೆ.

ಎಲ್ಲಿಯವರೆಗೆ ದುರಸ್ತಿ?

ಪುಸ್ತಕದ ಬೆಲೆ ಇದಕ್ಕೆ ಅಳತೆಗೋಲಲ್ಲ. 4 ಲಕ್ಷ ರೂ. ಕಾರಿಗೆ ಶೇಕಡ 15ರಂತೆ ಇಳಿಕೆಯ ಕ್ರಮದಲ್ಲಿ ಸವಕಳಿ ಹಾಕಿದರೆ 15 ವರ್ಷಗಳ ನಂತರ ಉಳಿಯುವುದು ಸುಮಾರು 35,000 ರೂ. ಮಾತ್ರ. ಆದರೆ ಆ ಕಾರು ಮಾಡುವ ಕೆಲಸಕ್ಕೆ ಬದಲಿ ವ್ಯವಸ್ಥೆಯ ವೆಚ್ಚ ಎಷ್ಟು ಎಂಬುದನ್ನು ನೋಡಬೇಕು. 15 ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಣ ಸಮೀಪಿಸಿದ್ದರೆ ಅದಕ್ಕೆ ತಗಲುವ ಖರ್ಚನ್ನೂ ಸೇರಿಸಿ ನಿರ್ಧರಿಸುವುದು ಉಚಿತ. ತಳಭಾಗ ತುಕ್ಕು ಹಿಡಿದ ಕಾರಿಗೆ ಹೊಸ ಶಾಫ್ಟ್ ಹಾಕಿಸುವುದು ವಿವೇಕವಲ್ಲ; ಎಂಜಿನ್, ಬಾಡಿ ದೃಢವಾಗಿರುವ ಕಾರನ್ನು ಒಂದು ಬೇರಿಂಗಿನ ಸದ್ದಿಗೆ ಮಾರುವುದೂ ವಿವೇಕವಲ್ಲ.

ಪ್ರತಿ ದುರಸ್ತಿ ಬಿಲ್ಲಿನಲ್ಲಿ ವಾಹನದ ಸಂಖ್ಯೆ, ಓಡಿದ ಕಿಲೋಮೀಟರ್, ಎಡ ಅಥವಾ ಬಲ ಎಂಬ ವಿವರ, ಬಿಡಿಭಾಗದ ತಯಾರಕರ ಹೆಸರು ಮತ್ತು ಸಂಖ್ಯೆ ಇರಲೇಬೇಕೆಂದು ಕೇಳಿ ಬರೆಸಿಕೊಳ್ಳಿ. ಬೇರಿಂಗಿನ ಮೇಲೆ ಕೊರೆದ ಸಂಖ್ಯೆ ಡಬ್ಬಿಯ ಮೇಲಿನದಕ್ಕೆ ಹೊಂದುತ್ತದೆಯೇ ನೋಡಿ. ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ವಾಹನವೊಂದಕ್ಕೆ ಒಂದು ಪುಟದಂತೆ ಈ ವಿವರಗಳನ್ನು ಬರೆದಿಟ್ಟರೆ, ಒಂದೇ ಚಕ್ರಕ್ಕೆ ಎರಡನೆಯ ಬೇರಿಂಗಿನ ಬಿಲ್ಲು ಬಂದ ದಿನವೇ ಅದು ಮಾಲೀಕರ ಕಣ್ಣಿಗೆ ಬೀಳುತ್ತದೆ. ಮೂರನೆಯದಕ್ಕೆ ಹಣ ಕೊಡುವ ಮುನ್ನ ಶಾಫ್ಟನ್ನು ಹೊರತೆಗೆಸಿ ನೋಡಿಸಿ.